ಬೋರಿಂಗು ಬಂದ ಊರು, ಮಂಡಲ ಕಂಡ ಅವ್ವ

ಹೋದ ಬೇಸಿಗೆಯಲ್ಲಿ ಊರಿನಿಂದ ತಮ್ಮ ಫೋನ್ ಮಾಡಿದ್ದ. ಮನೆಮನೆಗೆ ನಳ ಕೊಡಲು ಪೈಪು ಹಾಕುತ್ತಿದ್ದಾರೆ, ರಸ್ತೆಯೆಲ್ಲ ಅಗೆದಿದ್ದಾರೆ, ಕೇರಿಯ ಮುಂದಿನ ಹಳೇ ಬೋರಿಂಗಿನ ಕಟ್ಟೆಯನ್ನು ಜೆಸಿಬಿಯವನು ಒಡೆದು ಕಂಬ ಕಿತ್ತು ಹಾಕಿದ, ಸಂಜೆಗೆ ಗುಜರಿಯವನು ಬಂದು ತೂಕ ಮಾಡಿ ಒಯ್ದ ಎಂದ. ಅವನಿಗೆ ಅದು ಊರಿನ ಹತ್ತು ಸುದ್ದಿಗಳಲ್ಲಿ ಒಂದು. ಮಾತು ತೊಗರಿ ರೇಟಿಗೆ, ಅಲ್ಲಿಂದ ಜಾತ್ರೆಗೆ ಹೊರಳಿತು. ಫೋನ್ ಇಟ್ಟ ಮೇಲೆ ನನಗೆ ಜಾತ್ರೆಯೂ ನೆನಪಿರಲಿಲ್ಲ, ತೊಗರಿಯೂ ನೆನಪಿರಲಿಲ್ಲ. ಆ ಬೋರಿಂಗು ಬಂದ ದಿನಗಳು, ಅದನ್ನು ಕಳಿಸಿದ ಮನುಷ್ಯ, ಅವ್ವ ಮಂಡಲ ಪಂಚಾಯತಿಯ ಮೆಂಬರಾಗಿದ್ದ ಐದು ವರ್ಷ, ಎಲ್ಲ ಒಟ್ಟಿಗೇ ಎದ್ದು ಬಂದವು.

ನಮ್ಮದು ಈಗಿನ ಕೊಪ್ಪಳ ಜಿಲ್ಲೆ. 1997ರ ತನಕ ರಾಯಚೂರು ಜಿಲ್ಲೆಯೊಳಗೇ ಇತ್ತು. ಒಂದು ಕಡೆ ದೂರದಲ್ಲಿ ತುಂಗಭದ್ರೆ, ಇನ್ನೊಂದು ಕಡೆ ಅಷ್ಟೇ ದೂರದಲ್ಲಿ ಕೃಷ್ಣೆ. ನಡುವೆ ನಮ್ಮ ಎರೆ ಹೊಲ, ಮಸಾರಿ ಹೊಲ. ಮಳೆ ಬಂದರೆ ಸಜ್ಜೆ, ಜೋಳ, ತೊಗರಿ, ಬರದಿದ್ದರೆ ಗುಳೆ. ಕುಡಿಯುವ ನೀರಿಗೆ ಊರ ಹೊರಗಿನ ಪಾವಟಿಗೆ ಬಾವಿಯೊಂದೇ ಗತಿ. ಹಗ್ಗ ಬಿಟ್ಟು ಸೇದುವ ಬಾವಿಯಲ್ಲ ಅದು. ಮೆಟ್ಟಿಲಿಳಿದು, ಮೊಣಕಾಲ ಮಟ ನೀರಿಗೆ ಕಾಲಿಟ್ಟು, ಕೊಡ ಅದ್ದಿ ತುಂಬಿಕೊಳ್ಳಬೇಕು. ಬೇಸಿಗೆಯಲ್ಲಿ ನೀರು ಕೊನೆಯ ಪಾವಟಿಗೆಗೆ ಇಳಿಯುತ್ತಿತ್ತು. ಆಗ ಬೆಳ್ಳಿ ಮೂಡುವ ಹೊತ್ತಿಗೇ ಹೋಗಿ ಕೂತು, ಪರಟೆಯಿಂದ ತೋಡಿ ತೋಡಿ ಕೊಡ ತುಂಬಬೇಕಾಗುತ್ತಿತ್ತು. ನಾನು ಸಿಂಬಿ ಇಟ್ಟು ಕೊಡ ಹೊರಲು ಕಲಿತದ್ದು ಅಕ್ಷರ ಕಲಿತದ್ದಕ್ಕಿಂತ ಮೊದಲು. ಬೇಸಿಗೆ ಮುಗಿಯುವ ಹೊತ್ತಿಗೆ ಶಾಲೆಯ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಗೈರಿನ ಗುರುತೇ ಹೆಚ್ಚಿರುತ್ತಿತ್ತು. ನನ್ನೊಬ್ಬಳದಲ್ಲ, ನಮ್ಮ ಓಣಿಯ ಎಲ್ಲ ಹುಡುಗಿಯರದ್ದೂ ಹಾಗೇ.

ಕೇರಿಯ ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟದ್ದು. ಅವರು ಬಾವಿಯ ಮೆಟ್ಟಿಲು ಇಳಿಯುವಂತಿರಲಿಲ್ಲ. ಮೇಲೆ ಕೊಡ ಇಟ್ಟುಕೊಂಡು, "ಯವ್ವಾ, ಒಂದು ಕೊಡ ಹಾಕ್ರಿ" ಎಂದು ಇಳಿದು ಹತ್ತುವವರನ್ನೆಲ್ಲ ಕೇಳುತ್ತ ನಿಲ್ಲಬೇಕು. ಹಾಕಿದವರು ಎತ್ತರದಿಂದ, ಮುಟ್ಟದಂತೆ ಸುರಿಯಬೇಕು. ಅರ್ಧ ನೀರು ಕೊಡದೊಳಗೆ, ಅರ್ಧ ನೆಲಕ್ಕೆ. ನೀರಿಲ್ಲದ ಊರಿನಲ್ಲಿ ಅಷ್ಟು ನೀರನ್ನು ನೆಲಕ್ಕೆ ಚೆಲ್ಲುವುದು ಯಾರಿಗೂ ತಪ್ಪೆಂದು ತೋರುತ್ತಿರಲಿಲ್ಲ.

ಆ ಬಾವಿ ಇನ್ನೊಂದನ್ನೂ ಕೊಡುತ್ತಿತ್ತು. ನಾರುಹುಣ್ಣು. ಇವತ್ತಿನ ಮಕ್ಕಳಿಗೆ ಆ ಹೆಸರೂ ಗೊತ್ತಿಲ್ಲ, ಗೊತ್ತಿಲ್ಲದಿರುವುದೇ ಒಳ್ಳೆಯದು. ನಮ್ಮ ಆಯಿಯ ಮೀನಖಂಡದಲ್ಲಿ ಮೊದಲು ಒಂದು ಗುಳ್ಳೆ ಎದ್ದಿತು. ಉರಿ ತಾಳದೆ ಅವಳು ರಾತ್ರಿಯೆಲ್ಲ ಕಾಲನ್ನು ತಣ್ಣೀರಿನ ಬೋಗುಣಿಯಲ್ಲಿ ಇಟ್ಟುಕೊಂಡು ಕೂಡುತ್ತಿದ್ದಳು. ಗುಳ್ಳೆ ಒಡೆದು ಬಿಳಿ ದಾರದ ತುದಿ ಕಾಣಿಸಿತು. ಅದು ದಾರವಲ್ಲ, ಹುಳ. ಓಣಿಯ ಮುದುಕನೊಬ್ಬ ಅದರ ತುದಿಯನ್ನು ಕಸಬರಿಗೆಯ ಕಡ್ಡಿಗೆ ಸುತ್ತಿ, ದಿನಕ್ಕೆ ಬೆರಳಗಲದಷ್ಟು ಎಳೆದು, ಮತ್ತೆ ಕಡ್ಡಿಯನ್ನು ಕಾಲಿಗೇ ಕಟ್ಟಿ ಹೋಗುತ್ತಿದ್ದ. ಅವಸರ ಮಾಡಿ ಎಳೆದರೆ ಹುಳ ತುಂಡಾಗಿ, ಕಾಲು ಬಾತು, ತಿಂಗಳುಗಟ್ಟಲೆ ಹಾಸಿಗೆ. ಆಯಿಯ ಹುಳ ಎರಡು ಸಲ ತುಂಡಾಯಿತು. ಆ ವರ್ಷದ ಬಿತ್ತನೆಗೆ ಅವಳು ಹೊಲ ಕಾಣಲಿಲ್ಲ, ಆಮೇಲೆ ಅವಳ ನಡಿಗೆಯೂ ಮೊದಲಿನಂತಾಗಲಿಲ್ಲ.

ಹುಣ್ಣಿನ ಕಾಲನ್ನು ನೀರಿಗಿಟ್ಟಾಗ ಹುಳ ಮರಿ ಬಿಡುತ್ತದೆ, ಆ ಮರಿಗಳು ನೀರಿನ ಚಿಗಟದ ಹೊಟ್ಟೆ ಸೇರುತ್ತವೆ, ಅದೇ ನೀರು ಕುಡಿದವರ ಮೈಯೊಳಗೆ ಒಂದು ವರ್ಷ ಬೆಳೆದು ಮತ್ತೆ ಕಾಲಿನಿಂದ ಹೊರಬರುತ್ತವೆ ಎಂದು ಆರೋಗ್ಯ ಇಲಾಖೆಯವರು ಬಂದು ಹೇಳಿದಾಗ ಊರಿನಲ್ಲಿ ಯಾರೂ ನಂಬಿರಲಿಲ್ಲ. ಪಾವಟಿಗೆ ಬಾವಿ ದೇವರ ಬಾವಿ. ಅದರ ದಂಡೆಯಲ್ಲಿ ಗಂಗಮ್ಮನ ಕಲ್ಲಿತ್ತು.

ಬೋರಿಂಗು ಬಂದದ್ದು 1984ರ ಸುಮಾರಿಗೆ. ಎರಡು ವರ್ಷ ಮಳೆ ಕೈಕೊಟ್ಟಿತ್ತು. ಒಂದು ದಿನ ಮಧ್ಯಾಹ್ನ ದೊಡ್ಡ ಲಾರಿಯೊಂದು ಧೂಳೆಬ್ಬಿಸುತ್ತ ಬಂತು, ಹಿಂದೆ ಗಾಳಿಯ ಯಂತ್ರ ಹೊತ್ತ ಇನ್ನೊಂದು. ರಾತ್ರಿಯೂ ಲೈಟು ಹಾಕಿ ಕೊರೆದರು. ನಮ್ಮ ಊರಿಗೆ ಕರೆಂಟು ಬಂದಿದ್ದರೂ ಅಷ್ಟು ಬೆಳಕನ್ನು ನಾವು ಒಟ್ಟಿಗೆ ಕಂಡಿರಲಿಲ್ಲ. ಬೂದಿ ಬಣ್ಣದ ಕಲ್ಲಿನ ಹಿಟ್ಟು ಹಾರಿ ಹತ್ತಿರದ ಮಾಳಿಗೆಗಳ ಮೇಲೆ, ಬಣವಿಗಳ ಮೇಲೆ, ನಿಂತು ನೋಡುತ್ತಿದ್ದವರ ತಲೆಯ ಮೇಲೆ ಕೂತಿತು. ನಸುಕಿನಲ್ಲಿ ಆ ಹಿಟ್ಟು ಹಸಿಯಾಯಿತು. ಆಮೇಲೆ ಕೆಸರಾಯಿತು. ಆಮೇಲೆ ಒಮ್ಮೆಲೇ ನೀರು ಆಳೆತ್ತರ ಎದ್ದಿತು. "ನೀರು ಬಂತವ್ವೋ!" ಎಂದು ಯಾರೋ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಆಯಿ ಕುಂಟುತ್ತ ಹೋಗಿ ಅರಿಶಿನ ಕುಂಕುಮ ಹಾಕಿ ಬಂದಳು.

ಆದರೆ ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದದ್ದು ಎರಡನೆಯ ಬೋರಿಂಗು. ಅದನ್ನು ಕೇರಿಯ ಮುಂದೆಯೇ ಹಾಕಿದರು. ಊರಿನ ಗೌಡರು ಅದನ್ನು ತಮ್ಮ ಕಟ್ಟೆಯ ಹತ್ತಿರ ಹಾಕಿಸಬೇಕೆಂದು ಓಡಾಡಿದರು. ನೀರು ನೋಡಲು ಬಂದಿದ್ದ ಭೂವಿಜ್ಞಾನಿ ಚಿಕ್ಕ ಹುಡುಗ. ಅವನು ಕೇರಿಗೆ ಮಂಜೂರಾದದ್ದು ಕೇರಿಗೇ ಎಂದು ಹಟ ಹಿಡಿದ. ಬೆಂಗಳೂರಿನಲ್ಲಿ ಒಬ್ಬ ಮಂತ್ರಿ ಇದ್ದಾರೆ, ಅವರೇ ಲೆಕ್ಕ ಕೇಳುತ್ತಾರೆ, ಎಲ್ಲಿ ಹಾಕಿದಿರಿ ಎಂದು ಕೇಳುತ್ತಾರೆ ಎಂದ. ಆ ಮಂತ್ರಿಯ ಹೆಸರು ನಜೀರ್ ಸಾಬ್ ಎಂದು ನಾನು ಮೊದಲು ಕೇಳಿದ್ದು ಅವತ್ತು. ಕೇರಿಯ ಹೆಂಗಸರು ಹ್ಯಾಂಡಲ್ ಹಿಡಿದು, ಇನ್ನೊಬ್ಬರನ್ನು ಕೇಳದೆ ಕೊಡ ತುಂಬಿಕೊಂಡದ್ದನ್ನು ನಾನು ನಿಂತು ನೋಡಿದ್ದೇನೆ. ಗುಡಿಗಳು, ಹೋಟೆಲುಗಳು, ಕ್ಷೌರದ ಅಂಗಡಿಗಳು ಇನ್ನೂ ಮುಚ್ಚಿಕೊಂಡೇ ಇದ್ದವು. ನೀರಿನ ಒಂದು ಬೇಡಿಕೆ ಮಾತ್ರ ಅವತ್ತಿಗೆ ಮುಗಿಯಿತು.

ಅಬ್ದುಲ್ ನಜೀರ್ ಸಾಬ್ ಗುಂಡ್ಲುಪೇಟೆಯವರು. ನಮ್ಮ ಊರಿಗೂ ಅದಕ್ಕೂ ರಾಜ್ಯದ ಈ ತುದಿಗೂ ಆ ತುದಿಗೂ ಇರುವಷ್ಟು ದೂರ. 1983ರಲ್ಲಿ ರಾಮಕೃಷ್ಣ ಹೆಗಡೆಯವರು ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಕಟ್ಟಿದಾಗ, ವಿಧಾನ ಪರಿಷತ್ತಿನಲ್ಲಿದ್ದ ಇವರಿಗೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಸಿಕ್ಕಿತು. ದೊಡ್ಡ ರಾಜಕಾರಣಿಗಳು ಆಸೆಪಡುವ ಖಾತೆಯಲ್ಲ ಅದು ಆಗ. ಕಂದಾಯ, ಲೋಕೋಪಯೋಗಿ, ಗೃಹ, ಇವು ಮೊದಲು; ಹಳ್ಳಿಯ ಖಾತೆ ಕೊನೆಗೆ. ಇವರ ಬೆನ್ನಿಗೆ ದೊಡ್ಡ ಜಾತಿಯ ಬಲವಿರಲಿಲ್ಲ, ದೊಡ್ಡ ಆಸ್ತಿಯೂ ಇರಲಿಲ್ಲ. ಕೈಗೆ ಬಂದ ಖಾತೆಯನ್ನು ಇಡೀ ಸರ್ಕಾರದ ಹೆಸರೇ ಅದರಿಂದ ಉಳಿಯುವ ಹಾಗೆ ನಡೆಸಿದರು. ಬರಗಾಲದ ಆ ವರ್ಷಗಳಲ್ಲಿ ಹಳ್ಳಿ ಹಳ್ಳಿಗೆ ಕೊಳವೆ ಬಾವಿ ಕೊರೆಸಿದರು. ಜನ ಅವರನ್ನು ನೀರ್ ಸಾಬ್ ಎಂದು ಕರೆದರು.

ನಾನು ಅವರನ್ನು ಕಣ್ಣಾರೆ ಕಂಡವಳಲ್ಲ. ಪತ್ರಿಕೆಯಲ್ಲಿ ಫೋಟೊ ನೋಡಿದ್ದೆ, ಅಷ್ಟೆ. ಆದರೆ ನಮ್ಮ ಮನೆಯೊಳಗೆ ಅವರು ನಡೆದಾಡಿದಷ್ಟು ಯಾವ ಮಂತ್ರಿಯೂ ನಡೆದಾಡಲಿಲ್ಲ.

ಅವರು ತಂದ ಪಂಚಾಯತಿ ಕಾನೂನಿನ ಹೆಸರು ಉದ್ದ: ಕರ್ನಾಟಕ ಜಿಲ್ಲಾ ಪರಿಷತ್ತುಗಳು, ತಾಲ್ಲೂಕು ಪಂಚಾಯತಿ ಸಮಿತಿಗಳು, ಮಂಡಲ ಪಂಚಾಯತಿಗಳು ಮತ್ತು ನ್ಯಾಯ ಪಂಚಾಯತಿಗಳ ಅಧಿನಿಯಮ, 1983. ವಿಧಾನಮಂಡಲದಲ್ಲಿ ಒಪ್ಪಿಗೆಯಾದ ಮೇಲೂ ರಾಷ್ಟ್ರಪತಿಯವರ ಅಂಕಿತಕ್ಕೆ 1985ರ ತನಕ ಕಾಯಬೇಕಾಯಿತು. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಮಂಡಲವೆಂದರೆ ಸುಮಾರು 8,000ದಿಂದ 12,000 ಜನಸಂಖ್ಯೆಯ ಹಳ್ಳಿಗಳ ಗುಂಪು. ನೂರರಲ್ಲಿ 25 ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ಸಂವಿಧಾನದ 73ನೇ ತಿದ್ದುಪಡಿ ಬಂದು ದೇಶಕ್ಕೆಲ್ಲ ಈ ಮೀಸಲಾತಿ ಆಗುವ ಆರು ವರ್ಷ ಮೊದಲೇ ನಮ್ಮ ರಾಜ್ಯದ ಹಳ್ಳಿಗಳಲ್ಲಿ ಸಾವಿರಾರು ಹೆಂಗಸರು ಮೆಂಬರಾದರು. ಅವರಲ್ಲಿ ಅವ್ವ ಒಬ್ಬಳು.

ಅವಳು ತಾನಾಗಿ ನಿಂತದ್ದಲ್ಲ. ಹೆಣ್ಣಿನ ಸೀಟೊಂದು ನಮ್ಮ ಊರಿಗೆ ಬಂತು. ಗೌಡರ ಮನೆಯ ಹೆಣ್ಣುಮಕ್ಕಳು ಹೊಸ್ತಿಲು ದಾಟುವವರಲ್ಲ. ಅಪ್ಪ ಗೌಡರ ಹೊಲವನ್ನು ಪಾಲಿಗೆ ಮಾಡುತ್ತಿದ್ದ. ಒಂದು ಸಂಜೆ ಗೌಡರು ನಮ್ಮ ಪಡಸಾಲೆಗೆ ಬಂದು, "ನಿನ್ನ ಹೇಣ್ತಿ ಹೆಸರು ಕೊಟ್ಟೀನಿ, ಸಭಾಕ್ಕ ಕರದಾಗ ಬಂದು ಹೆಬ್ಬಟ್ಟು ಒತ್ತಿ ಹೋಗ್ಲಿ" ಎಂದರು. ಅಪ್ಪ ತಲೆಯಾಡಿಸಿದ. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂದು ಆಗ ನನಗೂ ಅನ್ನಿಸಿರಲಿಲ್ಲ.

ಆಗ ನಾನು ಹೈಸ್ಕೂಲು ಹುಡುಗಿ. ಮಂಡಲದ ನೋಟೀಸು ಬಂದರೆ ಓದಿ ಹೇಳುವ ಕೆಲಸ ನನ್ನದಾಯಿತು. ಸೈಕ್ಲೋಸ್ಟೈಲ್ ಮಾಡಿದ ಹಾಳೆ, ಅರ್ಧ ಅಕ್ಷರ ಮಾಸಿರುತ್ತಿದ್ದವು. "ವಿಷಯ ಸೂಚಿ" ಎಂದು ಓದಿದರೆ, "ಅದನ್ನ ಬಿಡು, ಎಷ್ಟು ರೊಕ್ಕ ಬಂದೈತಿ, ಯಾವ ಊರಿಗೆ ಅಂತ ಬರದಾರ, ಅದನ್ನ ಓದು" ಎನ್ನುತ್ತಿದ್ದಳು. ಓದಿದ್ದನ್ನು ಅವಳು ಮರೆಯುತ್ತಿರಲಿಲ್ಲ. ಬರೆದಿಟ್ಟುಕೊಳ್ಳಲು ಬಾರದವರ ನೆನಪು ಎಷ್ಟು ಗಟ್ಟಿ ಎಂಬುದನ್ನು ನಾನು ಮುಂದೆ ಮೇಷ್ಟ್ರಾಗಿ ಎಷ್ಟೋ ಮಕ್ಕಳಲ್ಲಿ ಕಂಡೆ. ಮೊದಲು ಕಂಡದ್ದು ಅವ್ವನಲ್ಲಿ.

ಮಂಡಲದ ಮುಖ್ಯಸ್ಥರನ್ನು ಆಗ ಪ್ರಧಾನರು ಎನ್ನುತ್ತಿದ್ದರು. ಸಭೆ ನಡೆಯುತ್ತಿದ್ದದ್ದು ಮಂಡಲದ ಊರಿನ ಹಳೇ ಚಾವಡಿಯಲ್ಲಿ. ಗಂಡಸರಿಗೆ ಕುರ್ಚಿ, ಹೆಂಗಸರಿಗೂ ಕೇರಿಯ ಮೆಂಬರಿಗೂ ಚಾಪೆ. ಕಾನೂನಿನಲ್ಲಿ ಹಾಗೆ ಬರೆದಿರಲಿಲ್ಲ. ಚಾಪೆ ಹಾಸಿದವರೂ ಕೂತವರೂ ಅದನ್ನು ಪ್ರಶ್ನಿಸಿರಲಿಲ್ಲ. ಮೊದಲ ಒಂದು ವರ್ಷ ಅವ್ವ ಹೆಬ್ಬೆಟ್ಟು ಒತ್ತಿ, ಚಹಾ ಕುಡಿದು ಬಂದಳು. ಮನೆಗೆ ಬಂದು ಬಟ್ಟಲು ಸೋಡಾ ಹಚ್ಚಿ ಬೆರಳಿನ ಮಸಿ ಉಜ್ಜುತ್ತಿದ್ದಳು.

ಅವಳು ಮೊದಲು ಬಾಯಿ ಬಿಟ್ಟದ್ದು ಬೋರಿಂಗಿನ ವಿಷಯಕ್ಕೆ. ಕೇರಿಯ ಬೋರಿಂಗು ಕೆಟ್ಟು ತಿಂಗಳು ಕಳೆದಿತ್ತು. ಹ್ಯಾಂಡಲ್ ಹೊಡೆದರೆ ಗಡಗಡ ಸದ್ದು, ನೀರಿಲ್ಲ. ಆ ಪಂಪಿನ ಸಿಲಿಂಡರು ನೆಲದಾಳದಲ್ಲಿರುತ್ತದೆ. ಒಳಗಿನ ತೊಗಲಿನ ವಾಷರು ಸವೆದರೆ, ಮೂರು ಕಾಲಿನ ಕಂಬ ನಿಲ್ಲಿಸಿ ಪೈಪುಗಳನ್ನು ಒಂದೊಂದಾಗಿ ಮೇಲೆತ್ತಿ ಬಿಚ್ಚಬೇಕು. ಊರಿನವರ ಕೈಯಲ್ಲಿ ಆಗುವ ಕೆಲಸವಲ್ಲ, ಗಾಡಿ ಬರಬೇಕು. ಹತ್ತು ರೂಪಾಯಿಯ ವಾಷರಿಗಾಗಿ ಕೇರಿಯವರು ಮತ್ತೆ ಪಾವಟಿಗೆ ಬಾವಿಯ ಮೇಲೆ ಕೊಡ ಇಟ್ಟುಕೊಂಡು ನಿಲ್ಲುವಂತಾಗಿತ್ತು. ಅವ್ವ ಸಭೆಯಲ್ಲಿ ಎದ್ದು, "ಹೋದ ಸಲ ರಿಪೇರಿಗೆ ಅಂತ ಇಷ್ಟು ರೊಕ್ಕ ಬಂತು ಅಂದ್ರಿ. ಯಾವ ಬೋರಿಂಗು ರಿಪೇರಿ ಮಾಡಿಸೀರಿ, ಊರ ಹೆಸರು ಹೇಳ್ರಿ" ಎಂದಳಂತೆ. ಕಾರ್ಯದರ್ಶಿ ಪುಸ್ತಕ ತಿರುವಿದ. ಪ್ರಧಾನರು, "ಯಕ್ಕಾ, ಕುಂದರ್ರಿ, ನೋಡೂಣಂತ" ಎಂದರು. ಅವಳು ಕೂಡಲಿಲ್ಲ. ಮರುವಾರ ಗಾಡಿ ಬಂತು. ಮುಂದಿನ ಸಭೆಯಿಂದ ಅವಳಿಗೊಂದು ಕುರ್ಚಿ ಹಾಕಿದರು. ಕೇರಿಯ ಮೆಂಬರಿಗೆ ಕುರ್ಚಿ ಬರಲು ಇನ್ನೂ ಒಂದು ವರ್ಷ ಹಿಡಿಯಿತು.

ಗೌಡರಿಗೆ ಇದು ಹಿಡಿಸಲಿಲ್ಲ. ಮುಂದಿನ ಹಂಗಾಮಿಗೆ ಅಪ್ಪನಿಗೆ ಪಾಲಿನ ಹೊಲ ಸಿಗಲಿಲ್ಲ. ಅಪ್ಪ ಅವ್ವನನ್ನು ಬೈದ, ಮಾತು ಬಿಟ್ಟ, ಆಮೇಲೆ ಗುಳೆ ಹೋದ. ಆ ವರ್ಷ ನಮ್ಮ ಮನೆ ನಡೆದದ್ದು ಅವ್ವನ ಕೂಲಿಯಿಂದ. ಪಂಚಾಯತ್ ರಾಜ್ಯದ ಬಗ್ಗೆ ಪುಸ್ತಕಗಳಲ್ಲಿ ಓದುವಾಗ ಈ ಬೆಲೆಯ ಮಾತು ನನಗೆ ಎಲ್ಲೂ ಸಿಕ್ಕಿಲ್ಲ. ಮೀಸಲು ಕೊಟ್ಟ ಕಾನೂನು ಅವಳ ಹೊಲವನ್ನು ಕಾಯಲಿಲ್ಲ.

ಅವ್ವ ನ್ಯಾಯದ ಮೂರ್ತಿಯಾಗಿದ್ದಳೆಂದು ಬರೆದರೆ ಸುಳ್ಳಾಗುತ್ತದೆ. ಬಡವರ ಮನೆಗಳ ಪಟ್ಟಿ ಬಂದಾಗ ಮೊದಲ ಹೆಸರು ನಮ್ಮ ದೊಡ್ಡವ್ವನ ಮಗನದ್ದು. ಅವನಿಗೆ ಹೊಲವಿತ್ತು, ಎತ್ತಿದ್ದವು. ಕೇರಿಯ ಮುದುಕಿಯೊಬ್ಬಳ ಹೆಸರು ಆ ವರ್ಷ ಬಿಟ್ಟುಹೋಯಿತು. ನಾನು ಕೇಳಿದ್ದಕ್ಕೆ, "ನಮ್ಮವರಿಗೆ ನಾವು ಮಾಡದಿದ್ರ ಯಾರು ಮಾಡ್ತಾರ" ಎಂದಳು. ಅದೇ ಪಟ್ಟಿ ಹಿಡಿದು ಶಾಸಕರ ಕಡೆಯವನೊಬ್ಬ ಜೀಪಿನಲ್ಲಿ ಬಂದು ಹೊಸದಾಗಿ ಐದು ಹೆಸರು ಸೇರಿಸಲು ಹೇಳಿದಾಗ, "ಗ್ರಾಮಸಭಾದಾಗ ಓದಿ ಮುಗಿಸಿದ ಪಟ್ಟಿ ಇದು. ಮತ್ತ ಸಭಾ ಕೂಡಿಸಿ ಕೇಳ್ರಿ" ಎಂದವಳೂ ಅವಳೇ. ಕೊನೆಗೆ ಎರಡು ಹೆಸರು ಸೇರಿದವು, ಮೂರು ಸೇರಲಿಲ್ಲ. ಇಡೀ ಮಂಡಲ ವ್ಯವಸ್ಥೆಯೂ ಹೆಚ್ಚುಕಡಿಮೆ ಹೀಗೇ ನಡೆಯಿತು ಎಂದು ನನಗೆ ಅನ್ನಿಸುತ್ತದೆ. ಪಕ್ಷಪಾತ ಹೋಗಲಿಲ್ಲ. ಆದರೆ ಅದು ಹತ್ತು ಜನರ ಎದುರಿಗೆ ನಡೆಯತೊಡಗಿತು. ಯಾರು ಯಾರಿಗೆ ಮಾಡಿಕೊಟ್ಟರು ಎಂಬುದು ಊರಿಗೆ ಗೊತ್ತಾಗುತ್ತಿತ್ತು. ಮುಂದಿನ ವರ್ಷ ಕೇರಿಯ ಹೆಂಗಸರು ಅವ್ವನನ್ನು ಬೋರಿಂಗಿನ ಕಟ್ಟೆಯ ಮೇಲೆಯೇ ತರಾಟೆಗೆ ತೆಗೆದುಕೊಂಡರು, ಮುದುಕಿಗೆ ಮನೆ ಬಂತು. ತಾಲ್ಲೂಕು ಕಚೇರಿಯ ಗುಮಾಸ್ತನನ್ನು ಹೀಗೆ ತರಾಟೆಗೆ ತೆಗೆದುಕೊಳ್ಳಲು ಅವರಿಗೆ ಎಂದೂ ಆಗಿರಲಿಲ್ಲ.

ಶಾಲೆಯ ವಿಷಯದಲ್ಲಿ ಬದಲಾವಣೆ ನಾನೇ ಕಂಡೆ. ತಿಂಗಳ ಸಂಬಳಕ್ಕಷ್ಟೇ ಮುಖ ತೋರಿಸುತ್ತಿದ್ದ ಮೇಷ್ಟ್ರು ನಿತ್ಯ ಬರತೊಡಗಿದರು. ಯಾರೂ ಅವರನ್ನು ಬೆದರಿಸಿರಲಿಲ್ಲ. ಮಂಡಲದ ಮೆಂಬರು ಬೆಳಿಗ್ಗೆ ನೀರು ತರುವ ದಾರಿಯಲ್ಲೇ ಶಾಲೆಯಿತ್ತು, ಅಷ್ಟೆ. ಅರ್ಥಶಾಸ್ತ್ರಜ್ಞ ಕೆ.ಎಸ್. ಕೃಷ್ಣಸ್ವಾಮಿಯವರ ಸಮಿತಿ 1989ರಲ್ಲಿ ಈ ವ್ಯವಸ್ಥೆಯನ್ನು ಪರಿಶೀಲಿಸಿದಾಗಲೂ ಹಳ್ಳಿಯ ಶಾಲೆ, ಆಸ್ಪತ್ರೆಗಳಲ್ಲಿ ನೌಕರರ ಹಾಜರಿ ಸುಧಾರಿಸಿದ್ದು ಕಂಡುಬಂತು.

ನಜೀರ್ ಸಾಬ್ ಮಾಡಿದ ಕೆಲಸ ಎಷ್ಟು ದೊಡ್ಡದೆಂದು ನನಗೆ ತಿಳಿದದ್ದು ಬಹಳ ತಡವಾಗಿ, ಓದುತ್ತ ಹೋದಂತೆ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಕೊಟ್ಟರು. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿಯನ್ನು ಕೂರಿಸಿ, ಆ ಅಧಿಕಾರಿ ಅಧ್ಯಕ್ಷರ ಕೈಕೆಳಗೆ ಕೆಲಸ ಮಾಡುವಂತೆ ಮಾಡಿದರು. ಬ್ರಿಟಿಷರ ಕಾಲದಿಂದ ಜಿಲ್ಲೆಗೆ ಜಿಲ್ಲಾಧಿಕಾರಿಯೇ ದೊರೆ. ಅಭಿವೃದ್ಧಿಯ ಕೆಲಸದಲ್ಲಿ ಆ ದೊರೆತನವನ್ನು ಇವರು ತೆಗೆದರು. ಇದಕ್ಕಿಂತ ದೊಡ್ಡ ಮಾತೆಂದರೆ ಶಾಸಕರ ಕೈಯಲ್ಲಿದ್ದದ್ದನ್ನೂ ತೆಗೆದರು. ತಾಲ್ಲೂಕು ಸಮಿತಿಗೆ ಶಾಸಕರೇ ಅಧ್ಯಕ್ಷರು, ಆದರೆ ಆ ಸಮಿತಿಗೆ ಸಲಹೆ ಕೊಡುವ, ಮೇಲ್ವಿಚಾರಣೆ ಮಾಡುವ ಕೆಲಸವಷ್ಟೇ. ಹಣ, ನೌಕರರು, ಕೆಲಸ ಎಲ್ಲ ಜಿಲ್ಲಾ ಪರಿಷತ್ತಿಗೆ, ಮಂಡಲಕ್ಕೆ. ಯಾವ ಊರಿಗೆ ಬೋರಿಂಗು, ಯಾವ ಓಣಿಗೆ ರಸ್ತೆ ಎಂಬುದು ಇನ್ನು ಮೇಲೆ ಶಾಸಕನ ಚೀಟಿಯಿಂದ ತೀರ್ಮಾನವಾಗಬಾರದು ಎಂದು ಒಬ್ಬ ಶಾಸಕನೇ ಸದನದಲ್ಲಿ ನಿಂತು, ತನ್ನಂಥ ಶಾಸಕರ ಕೈಯಿಂದಲೇ ಕಾನೂನು ಮಾಡಿಸಿದ್ದು ಅದು. ಬೇರೆಯವರ ಅಧಿಕಾರ ಕಿತ್ತುಕೊಂಡ ಮಂತ್ರಿಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ. ತನ್ನ ಜಾಗದಲ್ಲಿದ್ದವರ ಅಧಿಕಾರವನ್ನು ತಾನೇ ಕಡಿಮೆ ಮಾಡಿ ಕೆಳಗಿನವರಿಗೆ ಹಂಚಿದ ಇನ್ನೊಬ್ಬನ ಹೆಸರು ನನಗೆ ತೋಚುವುದಿಲ್ಲ.

1988ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಕ್ಯಾನ್ಸರ್ ಆಗಿತ್ತು. ರೇಡಿಯೊದಲ್ಲಿ ಪ್ರದೇಶ ಸಮಾಚಾರ ಕೇಳುತ್ತಿದ್ದ ಹೊತ್ತಿಗೆ ಸುದ್ದಿ ಬಂತು. ಅವ್ವ ಜೋಳ ಹಸನು ಮಾಡುತ್ತಿದ್ದಳು, ಮೊರ ಕೆಳಗಿಟ್ಟಳು. "ಎಂಥಾ ಮನಿಶ್ಯಾನ್ನ ಒಯ್ದನೋ ದೇವರು" ಎಂದಳು. ಅವಳೂ ಅವರನ್ನು ನೋಡಿರಲಿಲ್ಲ. ಮರುದಿನ ಕೇರಿಯ ಬೋರಿಂಗಿನ ಕಟ್ಟೆಗೆ ಯಾರೋ ಹೂವಿಟ್ಟಿದ್ದರು. ಹಿಂದೂಗಳ ಕೇರಿಯಲ್ಲಿ ಮುಸಲ್ಮಾನ ಮಂತ್ರಿಗೆ ಹೂವು ಎಂದು ಅವತ್ತು ಯಾರೂ ಎತ್ತಿ ಆಡಲಿಲ್ಲ. ಹಾಗೆ ಎತ್ತಿ ಆಡುವ ಕಾಲ ಇನ್ನೂ ಬಂದಿರಲಿಲ್ಲ.

ಹೆಗಡೆಯವರು ಅಷ್ಟರಲ್ಲಿ ಮುಖ್ಯಮಂತ್ರಿ ಸ್ಥಾನ ಬಿಟ್ಟಿದ್ದರು. 1989ರಲ್ಲಿ ಸರ್ಕಾರವೂ ಹೋಯಿತು. ಮಂಡಲದ ಪರವಾಗಿ ಸದನದಲ್ಲಿ ಜೋರಾಗಿ ಮಾತಾಡುವವರು ಉಳಿಯಲಿಲ್ಲ. ಪಕ್ಷ ಯಾವುದೇ ಇರಲಿ, ಶಾಸಕರಿಗೆ ಮೊದಲಿನಿಂದಲೂ ಈ ವ್ಯವಸ್ಥೆ ಕಣ್ಣಿಗೆ ಬಿದ್ದ ಕಸವಾಗಿತ್ತು. 1992ರಲ್ಲಿ ಮಂಡಲಗಳ ಅವಧಿ ಮುಗಿದಾಗ ಚುನಾವಣೆ ನಡೆಸಲಿಲ್ಲ, ಆಡಳಿತಾಧಿಕಾರಿಗಳನ್ನು ನೇಮಿಸಿದರು. ಅವ್ವ ಅವತ್ತು ಚಾವಡಿಗೆ ಹೋಗಿ, ಬೀಗ ನೋಡಿ ಬಂದಳು. 1993ರಲ್ಲಿ ಹೊಸ ಪಂಚಾಯತ್ ರಾಜ್ ಕಾನೂನು ಬಂತು, ಮಂಡಲ ಹೋಗಿ ಸಣ್ಣ ಸಣ್ಣ ಗ್ರಾಮ ಪಂಚಾಯತಿಗಳಾದವು. ಹೆಣ್ಣುಮಕ್ಕಳ ಪಾಲು ಮೂರರಲ್ಲೊಂದಾಯಿತು, 2010ರಲ್ಲಿ ಅರ್ಧಕ್ಕೆ ಏರಿತು. ಇದು ಒಳ್ಳೆಯದೇ ಆಯಿತು. ಆದರೆ ಸ್ಥಾನಗಳು ಹೆಚ್ಚಿದಂತೆ ಅಧಿಕಾರ ಹೆಚ್ಚಲಿಲ್ಲ. ಬಡವರ ಮನೆಯ ಪಟ್ಟಿ ಶಾಸಕರು ಕೂತ ಸಮಿತಿಗೆ ಹೋಯಿತು. ಶಾಸಕರ ಕ್ಷೇತ್ರಾಭಿವೃದ್ಧಿಗೆಂದು ವರ್ಷಕ್ಕೆ 2 ಕೋಟಿ ರೂಪಾಯಿ ಬೇರೆ ಬಂತು. ಚೀಟಿ ಹಿಡಿದು ಶಾಸಕರ ಮನೆಯ ಮುಂದೆ ನಿಲ್ಲುವ ಸಾಲು ಮತ್ತೆ ಬೆಳೆಯಿತು. ಅವ್ವ ಮತ್ತೆ ನಿಲ್ಲಲಿಲ್ಲ. ಈ ಸಲ ಅವಳನ್ನು ಕೇಳಿದ್ದರು, ಅವಳೇ ಒಲ್ಲೆ ಎಂದಳು. ಕೊನೆಯ ತನಕ ಅವಳು ಹೆಬ್ಬೆಟ್ಟನ್ನೇ ಒತ್ತಿದಳು. ಸಹಿ ಕಲಿಸುತ್ತೇನೆಂದರೆ, ಹೆಬ್ಬೆಟ್ಟಿನಿಂದ ಆಗಬೇಕಾದ್ದು ಆಗಿದೆ ಎನ್ನುತ್ತಿದ್ದಳು.

ನೀರಿನ ಕತೆಯನ್ನೂ ಪೂರ್ತಿ ಹೇಳಬೇಕು. ನಾರುಹುಣ್ಣು ಹೋಯಿತು. 1996ರ ನಂತರ ದೇಶದಲ್ಲಿ ಅದರ ಒಂದೂ ಪ್ರಕರಣ ಕಾಣಲಿಲ್ಲ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ಅದರಿಂದ ಮುಕ್ತವಾಯಿತೆಂದು ಸಾರಿತು. ಪಾವಟಿಗೆಗಳನ್ನು ಮುಚ್ಚಿದ ಬಾವಿಗಳು, ನೀರು ಸೋಸಲು ಬಟ್ಟೆ ಹಂಚುತ್ತ ಮನೆಮನೆ ತಿರುಗಿದ ಆರೋಗ್ಯ ಕಾರ್ಯಕರ್ತರು, ಜೊತೆಗೆ ಈ ಬೋರಿಂಗುಗಳು, ಎಲ್ಲ ಸೇರಿ ಆಯಿಯಂಥವರ ಕಾಲು ಉಳಿಸಿದವು. ಆದರೆ ಭೂಮಿಯ ಕೆಳಗೆ ಬೇಕಾದಷ್ಟು ನೀರಿದೆ, ಕೊರೆದರೆ ಸಿಗುತ್ತದೆ ಎಂಬ ಧೈರ್ಯವನ್ನೂ ನಮಗೆ ಕೊಟ್ಟದ್ದು ಅದೇ ಲಾರಿ. ಊರಿನ ಕುಡಿಯುವ ನೀರಿಗೆಂದು ಬಂದ ಯಂತ್ರ ಆಮೇಲೆ ಹೊಲ ಹೊಲಕ್ಕೂ ಬಂತು. ತೊಂಬತ್ತರ ದಶಕದಲ್ಲಿ 10 ಎಚ್.ಪಿ. ತನಕದ ಪಂಪ್‌ಸೆಟ್ಟುಗಳಿಗೆ ಕರೆಂಟು ಪುಕ್ಕಟೆಯಾಯಿತು. ಮೊದಲು ಇನ್ನೂರು ಅಡಿಯೊಳಗೆ ಸಿಗುತ್ತಿದ್ದ ನೀರು ಈಗ ಆರುನೂರು, ಎಂಟುನೂರು ಅಡಿಗೆ ಹೋದರೂ ಸಿಗುತ್ತದೆಂಬ ಭರವಸೆಯಿಲ್ಲ. ಆಳದ ಕಲ್ಲಿನ ನೀರಿನಲ್ಲಿ ಫ್ಲೋರೈಡು. ಒಂದು ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಎನ್ನುತ್ತಾರೆ. ನಮ್ಮ ತಾಲ್ಲೂಕಿನ ಎಷ್ಟೋ ಊರುಗಳಲ್ಲಿ ಅದು ದಾಟಿದೆ. ನಾನು ಪಾಠ ಹೇಳುವ ತರಗತಿಗಳಲ್ಲಿ ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಗೆರೆ ಕಾಣುತ್ತದೆ. ಊರಿನ ಮುದುಕರು ಮೊಣಕಾಲು ಹಿಡಿದುಕೊಂಡು ಏಳುತ್ತಾರೆ. ಕುಡಿಯಲು ಶುದ್ಧ ನೀರಿನ ಘಟಕಕ್ಕೆ ಹೋಗಿ 5 ರೂಪಾಯಿ ನಾಣ್ಯ ಹಾಕಿ 20 ಲೀಟರಿನ ಕ್ಯಾನು ತುಂಬಿಕೊಳ್ಳಬೇಕು.

ಇದರ ಭಾರವನ್ನು ನಜೀರ್ ಸಾಬರ ತಲೆಗೆ ಕಟ್ಟುವುದು ಅನ್ಯಾಯ. ಬಾಯಾರಿದ ಊರಿಗೆ ಆ ಹೊತ್ತಿಗೆ ಇದ್ದ ದಾರಿ ಅದೊಂದೇ. ಆಮೇಲೆ ಮೂವತ್ತು ವರ್ಷ ಕೆರೆ ಹೂಳು ತೆಗೆಯದೆ, ಹೊಲದ ನೀರಿಗೆ ಲೆಕ್ಕವಿಡದೆ ಇದ್ದವರು ನಾವು, ನಮ್ಮ ಸರ್ಕಾರಗಳು. ಆದರೂ ಅವರನ್ನು ಪ್ರೀತಿಸುವವರು ಈ ಮಾತನ್ನು ಬಿಟ್ಟು ಮುಂದೆ ಹೋಗಬಾರದು. ಬೋರಿಂಗಿನಲ್ಲಿ ನೀರು ಕೊಟ್ಟರು. ಆ ನೀರನ್ನು ಜೋಪಾನ ಮಾಡುವ ಅಧಿಕಾರ ಊರಿಗೆ ಇದ್ದಿದ್ದರೆ, ಮಂಡಲದ ಕೈಯಲ್ಲಿ ಕೆರೆ, ಬಾವಿ, ಬೋರು ಎಲ್ಲ ಉಳಿದಿದ್ದರೆ, ಇಷ್ಟು ಕೆಡುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ. ಅವರು ಕೊಟ್ಟ ಎರಡು ವಸ್ತುಗಳಲ್ಲಿ ನಾವು ನೀರನ್ನು ಮಾತ್ರ ಇಟ್ಟುಕೊಂಡು ಅಧಿಕಾರವನ್ನು ಕೈಬಿಟ್ಟೆವು. ಅಧಿಕಾರ ಹೋದ ಮೇಲೆ ನೀರೂ ಉಳಿಯಲಿಲ್ಲ.

ಮೈಸೂರಿನಲ್ಲಿ ಅವರ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಯಿದೆ. ಆಯ್ಕೆಯಾದ ಪಂಚಾಯತಿ ಸದಸ್ಯರಿಗೆ ಅಲ್ಲಿಂದ ತರಬೇತಿ ಕೊಡುತ್ತಾರೆ, ಆ ಕೆಲಸ ನಡೆಯುತ್ತಿರುವುದು ಸಂತೋಷ. ಇನ್ನೊಂದು ಕಡೆ, 2021ರಲ್ಲಿ ಅವಧಿ ಮುಗಿದ ಜಿಲ್ಲಾ ಪಂಚಾಯತಿ, ತಾಲ್ಲೂಕು ಪಂಚಾಯತಿಗಳಿಗೆ ವರ್ಷ ವರ್ಷಗಳ ಕಾಲ ಚುನಾವಣೆಯೇ ಆಗಲಿಲ್ಲ. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯ, ಹೀಗೆ ಕಾರಣಗಳು ಒಂದಾದ ಮೇಲೊಂದು ಬಂದವು. ಸರ್ಕಾರ ನಡೆಸಿದ ಪಕ್ಷಗಳು ಬದಲಾದವು, ಆಡಳಿತಾಧಿಕಾರಿಗಳು ಬದಲಾಗಲಿಲ್ಲ. ಜಿಲ್ಲಾ ಪರಿಷತ್ತನ್ನು ದೇಶಕ್ಕೆ ಮಾದರಿ ಎನಿಸಿದ ರಾಜ್ಯದಲ್ಲಿ ಹೀಗಾಯಿತು ಎಂಬುದಕ್ಕೆ ಒಬ್ಬ ಶಾಸಕರೂ ಸದನದ ಬಾವಿಗಿಳಿದು ಧರಣಿ ಕೂತದ್ದನ್ನು ನಾನು ಕಾಣೆ.

ಅವ್ವ ಈಗ ಇಲ್ಲ. ಅವಳು ಇದ್ದಿದ್ದರೆ ಕೇಳುತ್ತಿದ್ದ ಪ್ರಶ್ನೆಯನ್ನು ಓದುಗರು ಕೇಳಬೇಕು ಎಂಬುದು ನನ್ನ ವಿನಂತಿ. ಓಟು ಕೇಳಲು ನಿಮ್ಮ ಮನೆಗೆ ಬರುವ ಅಭ್ಯರ್ಥಿ ರಸ್ತೆ, ಗುಡಿ, ನಳ, ಏನೇನು ಕೊಡಿಸುತ್ತೇನೆಂದು ಹೇಳಿ ಮುಗಿಸಲಿ. ಆಮೇಲೆ ಕೂರಿಸಿ ಕೇಳಿ: ನಿಮ್ಮ ಕೈಯಲ್ಲಿರುವ ಅಧಿಕಾರದಲ್ಲಿ ಯಾವುದನ್ನು, ಎಷ್ಟನ್ನು, ಯಾವ ತಾರೀಕಿನೊಳಗೆ ನಮ್ಮ ಪಂಚಾಯತಿಗೆ ಬಿಟ್ಟುಕೊಡುತ್ತೀರಿ? ನಜೀರ್ ಸಾಬ್ ಎಂಬ ಒಬ್ಬ ಶಾಸಕರು ಬಿಟ್ಟುಕೊಟ್ಟಿದ್ದರು ಎಂದೂ ಹೇಳಿ.